ಸ್ಪೆಕ್ಟ್ರಮ್‌ನ ಕಪ್ಪು ಗೆರೆ ನಕ್ಷತ್ರದ್ದೋ, ನಮ್ಮ ಗಾಳಿಯದ್ದೋ?

ಸಂಜೆಚುಕ್ಕಿ:
ಸೂರ್ಯನ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ, ಒಂದೊಂದು ಧಾತುವಿಗೂ ಅದರದ್ದೇ ಗೆರೆಗಳು, ಅದನ್ನು ನೋಡಿ ಅಲ್ಲಿ ಸೋಡಿಯಂ ಇದೆ, ಕಬ್ಬಿಣ ಇದೆ ಅನ್ನುತ್ತಾರೆ. ಇಲ್ಲಿವರೆಗೆ ಅರ್ಥವಾಯಿತು. ಆದರೆ ಆ ಬೆಳಕು ನಮ್ಮ ಗಾಳಿಯನ್ನು ದಾಟಿಕೊಂಡೇ ಬರಬೇಕು ಅಲ್ವಾ? ಗಾಳಿಯೂ ಬೆಳಕನ್ನು ನುಂಗುತ್ತದೆ. ಯಾವ ಗೆರೆ ಯಾರದ್ದು ಅಂತ ಹೇಗೆ ಹೇಳುತ್ತಾರೆ?

ಬೆಟ್ಟದತುದಿ:
ಅನುಮಾನ ಸರಿಯಾಗಿದೆ. ಜರ್ಮನಿಯ ವಿಜ್ಞಾನಿ ಫ್ರಾನ್‌ಹೋಫರ್ 19ನೇ ಶತಮಾನದ ಶುರುವಿನಲ್ಲಿ ದಪ್ಪ ಗೆರೆಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟ. ಅದರಲ್ಲಿ ಎ ಮತ್ತು ಬಿ ಸೂರ್ಯನವೇ ಅಲ್ಲ, ನಮ್ಮ ಗಾಳಿಯ ಆಮ್ಲಜನಕದ್ದು! ಡಿ ಗೆರೆ ಸೂರ್ಯನ ಸೋಡಿಯಂನದ್ದು. ಕಂಡುಹಿಡಿಯುವ ಹಳೇ ದಾರಿ ಸುಲಭ. ಮಧ್ಯಾಹ್ನ ಒಮ್ಮೆ ನೋಡಿ, ಸೂರ್ಯ ಮುಳುಗುವಾಗ ಇನ್ನೊಮ್ಮೆ ನೋಡಬೇಕು. ಸಂಜೆ ಬೆಳಕು ಜಾಸ್ತಿ ಗಾಳಿ ದಾಟಿ ಬರುವುದರಿಂದ ಗಾಳಿಯ ಗೆರೆಗಳು ಇನ್ನೂ ಕಪ್ಪಾಗುತ್ತವೆ, ಸೂರ್ಯನವು ಇದ್ದ ಹಾಗೇ ಇರುತ್ತವೆ. ನೀರಾವಿಯ ಗೆರೆಗಳಂತೂ ಹವೆ ನೋಡಿಕೊಂಡು ಬದಲಾಗುತ್ತವೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ದೂರದರ್ಶಕ ಇಟ್ಟು, ನಮ್ಮ ಹೊಸಕೋಟೆಯಲ್ಲಿ ಕೂತು ಅದನ್ನು ನಡೆಸುವುದಕ್ಕೆ ಆ ಒಣ ಗಾಳಿಯೂ ಒಂದು ಕಾರಣ.

ರಾತ್ರಿಪಾಳಿ:
ಇದಕ್ಕಿಂತ ಗಟ್ಟಿ ದಾರಿ ಇದೆ. ಸೂರ್ಯ ತನ್ನ ಸುತ್ತ ತಿರುಗುತ್ತಾನೆ, ಹಾಗಾಗಿ ಒಂದು ಅಂಚು ಸೆಕೆಂಡಿಗೆ ಸುಮಾರು 2 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ಅಷ್ಟೇ ವೇಗದಲ್ಲಿ ಆಚೆ ಹೋಗುತ್ತಿರುತ್ತದೆ. ಬರುವ ಅಂಚಿನ ಗೆರೆಗಳು ನೀಲಿ ಕಡೆಗೆ ಚೂರು ಸರಿದಿರುತ್ತವೆ, ಹೋಗುವ ಅಂಚಿನವು ಕೆಂಪು ಕಡೆಗೆ. 589 ನ್ಯಾನೋಮೀಟರಿನ ಸೋಡಿಯಂ ಗೆರೆಯಲ್ಲಿ ಎರಡೂ ಅಂಚಿನ ವ್ಯತ್ಯಾಸ 0.008 ನ್ಯಾನೋಮೀಟರ್ ಅಷ್ಟೇ, ಆದರೂ ಒಳ್ಳೆಯ ಉಪಕರಣಕ್ಕೆ ಅದು ಸಾಕು. ಗಾಳಿಯ ಗೆರೆ ಅಲುಗುವುದೇ ಇಲ್ಲ.

ಸುಮ್ನೆಓದುಗ:
ಇಷ್ಟೆಲ್ಲಾ ಯಾಕೆ, ಹಬಲ್ ಥರ ದೂರದರ್ಶಕವನ್ನು ಆಕಾಶಕ್ಕೇ ಕಳಿಸಿದರೆ ಮುಗೀತಲ್ಲ.

ರಾತ್ರಿಪಾಳಿ:
ಗಾಳಿಯ ಕಾಟ ತಪ್ಪುತ್ತದೆ, ನಡುವಿನ ಜಾಗದ್ದು ತಪ್ಪುವುದಿಲ್ಲ. 1904ರಲ್ಲಿ ಜರ್ಮನಿಯ ಹಾರ್ಟ್‌ಮನ್, ಮಹಾವ್ಯಾಧನ ಸೊಂಟಪಟ್ಟಿಯ ಮಿಂಟಾಕಾ ನಕ್ಷತ್ರವನ್ನು ನೋಡುತ್ತಿದ್ದ. ಅದು ಜೋಡಿ ನಕ್ಷತ್ರ, 5.7 ದಿನಕ್ಕೊಮ್ಮೆ ಸುತ್ತು ಹಾಕುತ್ತದೆ, ಗೆರೆಗಳೂ ಅದಕ್ಕೆ ತಕ್ಕಂತೆ ಅತ್ತಿಂದಿತ್ತ ಓಲಾಡುತ್ತವೆ. ಆದರೆ ಕ್ಯಾಲ್ಸಿಯಂನ ಒಂದು ಗೆರೆ ಮಾತ್ರ ಓಲಾಡಲಿಲ್ಲ. ಅದು ನಕ್ಷತ್ರದ್ದಾಗಿದ್ದರೆ ಮಿಕ್ಕವುಗಳ ಜೊತೆ ಸರಿಯಬೇಕಿತ್ತು, ನಮ್ಮ ಗಾಳಿಯಲ್ಲಿ ಅಂಥ ಕ್ಯಾಲ್ಸಿಯಂ ಇಲ್ಲ. ಹಾಗಾದರೆ ದಾರಿಯಲ್ಲೇ ಎಲ್ಲೋ ಅನಿಲದ ಮೋಡ ಇರಬೇಕು ಅಂದ. ನಕ್ಷತ್ರಗಳ ನಡುವೆ ಅನಿಲ ಇದೆ ಅನ್ನುವುದಕ್ಕೆ ಸಿಕ್ಕ ಮೊದಲ ಗಟ್ಟಿ ಸುಳಿವು ಇದು. ನನಗಂತೂ ಹೊಸ ಗ್ರಹ ಹುಡುಕಿದ ಸುದ್ದಿಗಿಂತ ಇದೇ ಜಾಸ್ತಿ ಇಷ್ಟ.

ಸಂಜೆಚುಕ್ಕಿ:
ಸೂಪರ್. ಮನೆಯಲ್ಲಿ ಏನಾದರೂ ನೋಡೋಕಾಗುತ್ತಾ?

ಬೆಟ್ಟದತುದಿ:
ಹಳೇ ಡಿವಿಡಿ ಚೂರು, ರಟ್ಟಿನ ಡಬ್ಬ, ಎರಡು ಬ್ಲೇಡು ಸೇರಿಸಿ ಮಾಡಿದ ತೆಳು ಸೀಳು. ಸೂರ್ಯನ ಕಡೆ ಹಿಡಿಯಲೇಬೇಡಿ, ಬಿಳಿ ಮೋಡದ ಕಡೆ ಹಿಡಿಯಿರಿ. ಸೀಳು ತೆಳುವಾದಷ್ಟೂ ಹಳದಿಯಲ್ಲಿರುವ ಡಿ ಗೆರೆ ಚೆನ್ನಾಗಿ ಕಾಣುತ್ತದೆ. ಎ ಗೆರೆ ಹುಡುಕಲು ಹೋಗಬೇಡಿ, 760 ನ್ಯಾನೋಮೀಟರ್ ಹತ್ತಿರ ಕಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ.