ಚಾರ್ಟ್‌ನಲ್ಲಿ ಮೀಸೋಸೋಮ್ ಇರಬೇಕಾ, ಬೇಡವಾ?

ಮಂಜುನಾಥ: [ಚಿತ್ರ: ಬ್ಯಾಕ್ಟೀರಿಯಾ ಜೀವಕೋಶದ ಭಾಗಗಳು] ಪಿಯುಸಿ ಮಕ್ಕಳಿಗೆ ಚೆನ್ನಾಗಿದೆ, ಎಲ್ಲರೂ ಫಾರ್ವರ್ಡ್ ಮಾಡಿ.

ವೀಣಾ: ಬೇಡ ಕಣೋ. ಮೀಸೋಸೋಮ್ (ಜೀವಕೋಶ ಪೊರೆ ಒಳಕ್ಕೆ ಸುರುಳಿಯಾಗಿ ಮಡಚಿದಂತೆ ಕಾಣೋ ಭಾಗ) ಬರೆದು ‘ಉಸಿರಾಟದ ಅಂಗ’ ಅಂದಿದ್ದಾರೆ. ಆರೋಗ್ಯವಾಗಿರೋ ಕೋಶದಲ್ಲಿ ಅದು ಇರೋದೇ ಇಲ್ಲ.

ಬಸವರಾಜ: ಎನ್‌ಸಿಇಆರ್‌ಟಿ 11ನೇ ತರಗತಿ ಪುಸ್ತಕದಲ್ಲೇ ಇದೆಯಲ್ಲೇ! ಕೋಶಭಿತ್ತಿ ಕಟ್ಟೋದು, ಡಿಎನ್‌ಎ ಹಂಚೋದು, ಉಸಿರಾಟ, ಎಲ್ಲಾ ಅದರ ಕೆಲಸ ಅಂತ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಫೋಟೋದಲ್ಲಿ ಸುರುಳಿ ಎದ್ದು ಕಾಣುತ್ತೆ.

ಶಶಿಕಲಾ: ಕಾಣುತ್ತೆ, ಆದ್ರೆ ಸ್ಯಾಂಪಲ್ ಹೇಗೆ ತಯಾರು ಮಾಡಿದ್ರು ನೋಡು. 1950ರ ದಶಕದಲ್ಲಿ ಬ್ಯಾಸಿಲಸ್‌ನಂಥ ಗ್ರಾಂ ಪಾಸಿಟಿವ್ (ದಪ್ಪ ಕೋಶಭಿತ್ತಿಯ) ಬ್ಯಾಕ್ಟೀರಿಯಾಗಳನ್ನ ಫಿಕ್ಸ್ ಮಾಡೋಕೆ, ಅಂದ್ರೆ ಇದ್ದಹಾಗೇ ಗಟ್ಟಿ ಮಾಡೋಕೆ, 1% ಆಸ್ಮಿಯಂ ಟೆಟ್ರಾಕ್ಸೈಡ್ ಅನ್ನೋ ರಾಸಾಯನಿಕದಲ್ಲಿ ಇಡ್ತಿದ್ರು. ಅದು ನಿಧಾನವಾಗಿ ಒಳಗೆ ಇಳಿಯುತ್ತೆ. ಕೋಶ ಪೂರ್ತಿ ಗಟ್ಟಿಯಾಗೋ ಮುಂಚೆ ಪೊಟ್ಯಾಸಿಯಂ ಸೋರಿಹೋಗುತ್ತೆ, ಪೊರೆ ಒಳಕ್ಕೆ ಮಡಚಿಕೊಳ್ಳುತ್ತೆ. ಅದೇ ಕೋಶವನ್ನ ಮಿಲಿಸೆಕೆಂಡುಗಳಲ್ಲಿ ಹೆಪ್ಪುಗಟ್ಟಿಸಿದ್ರೆ ಮಡಿಕೆ ಸಿಗಲ್ಲ. 1983ರಲ್ಲಿ ವಿಜ್ಞಾನಿ ಡುಬೊಶೆ ಅವರ ತಂಡ ರಾಸಾಯನಿಕ ಹಾಕದೆ, ಹೆಪ್ಪುಗಟ್ಟಿದ ಕೋಶವನ್ನೇ ತೆಳುವಾಗಿ ಕತ್ತರಿಸಿ ನೋಡಿತು. ಮೀಸೋಸೋಮ್ ಇರಲಿಲ್ಲ. ಆ ಡುಬೊಶೆಗೇ, ಇನ್ನಿಬ್ಬರ ಜೊತೆ, 2017ರ ರಸಾಯನಶಾಸ್ತ್ರ ನೊಬೆಲ್ ಬಂದಿದ್ದು, ಹೀಗೆ ಹೆಪ್ಪುಗಟ್ಟಿಸಿ ನೋಡೋ ಕ್ರಯೋ ಮೈಕ್ರೋಸ್ಕೋಪಿಗೆ.

ಬಸವರಾಜ: ಹೆಪ್ಪುಗಟ್ಟಿಸಿದಾಗಲೂ ಮಂಜಿನ ಹರಳು ರಚನೆ ಕೆಡಿಸುತ್ತಲ್ಲ?

ಶಶಿಕಲಾ: ಸ್ಯಾಂಪಲ್ ದಪ್ಪ ಆದ್ರೆ ಹೌದು. ಮೇಲಿನ ಕೆಲವೇ ಮೈಕ್ರಾನ್ ಸರಿಯಾಗಿ ಹೆಪ್ಪುಗಟ್ಟುತ್ತೆ, ಆಳದಲ್ಲಿ ಹರಳು ಬೆಳೆಯುತ್ತೆ. ಆದ್ರೆ ಹರಳು ಪೊರೆಯನ್ನ ಹರಿಯುತ್ತೆ, ಅಚ್ಚುಕಟ್ಟಾದ ಸುರುಳಿಯನ್ನ ಅಳಿಸಿ ನುಣುಪು ಮಾಡಲ್ಲ.

ಬಸವರಾಜ: ಡಿಫೆನ್ಸಿನ್ (ಬ್ಯಾಕ್ಟೀರಿಯಾ ಕೊಲ್ಲೋಕೆ ನಮ್ಮ ದೇಹ ಮಾಡೋ ಸಣ್ಣ ಪ್ರೋಟೀನು) ಹಾಕಿದ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾದಲ್ಲೂ ಮೀಸೋಸೋಮ್ ಕಂಡಿವೆ.

ವೀಣಾ: ಅದು ಪೊರೆಗೆ ಪೆಟ್ಟು ಬಿದ್ದ ಕೋಶ ಕಣೋ. ಶಶಿ ಹೇಳಿದ್ದಕ್ಕೇ ಪುಷ್ಟಿ. ಸೈನೋಬ್ಯಾಕ್ಟೀರಿಯಾದ ಥೈಲಕಾಯ್ಡ್, ನೇರಳೆ ಬ್ಯಾಕ್ಟೀರಿಯಾದ ಕ್ರೊಮ್ಯಾಟೊಫೋರ್ ನಿಜವಾದ ಒಳಪೊರೆಗಳು, ಅವುಗಳ ತಂಟೆಗೆ ನಾನು ಹೋಗ್ತಿಲ್ಲ.

ಬಸವರಾಜ: ಸರಿ, ನೀಟ್‌ನಲ್ಲಿ ಕೇಳಿದ್ರೆ? ಮಕ್ಕಳ ಅಂಕ ಹೋಗಬೇಕಾ?

ವೀಣಾ: ಹೋಗಬಾರದು. ಪುಸ್ತಕದ ಉತ್ತರ ಏನಂತ ಕಲೀಲಿ, ಪಕ್ಕದಲ್ಲೇ ‘ಫಿಕ್ಸ್ ಮಾಡುವಾಗ ಹುಟ್ಟಿದ ಮಡಿಕೆ’ ಅಂತ ಒಂದು ಸಾಲು ಇರಲಿ. ಬಾಯಿಪಾಠ ಮಾಡಿಸಿ ಸುಮ್ಮನಾದ್ರೆ ಡಿಗ್ರಿಗೆ ಬಂದ ಮೇಲೂ ಬ್ಯಾಕ್ಟೀರಿಯಾಕ್ಕೆ ಉಸಿರಾಟಕ್ಕೊಂದು ಪ್ರತ್ಯೇಕ ಅಂಗ ಇದೆ ಅಂದ್ಕೊಂಡಿರ್ತಾರೆ. ಉಸಿರಾಟದ ಸರಪಳಿ ಇಡೀ ಜೀವಕೋಶ ಪೊರೆಯಲ್ಲೇ ಹರಡಿದೆ, ಪ್ರೋಟಾನ್ ಹೊರಕ್ಕೆ ದೂಡುತ್ತೆ. ಕೋಶ ಇಬ್ಭಾಗ ಆಗೋ ಜಾಗದಲ್ಲಿ ಕಟ್ಟಿಕೊಳ್ಳೋದು ಎಫ್‌ಟಿಎಸ್‌ಝಡ್ ಪ್ರೋಟೀನಿನ ಉಂಗುರ.

ಮಂಜುನಾಥ: ಚಾರ್ಟ್ ತಿದ್ದಿ ಕಳಿಸ್ತೀನಿ. ಮೀಸೋಸೋಮ್ ಜಾಗದಲ್ಲಿ ಎಟಿಪಿ ಸಿಂಥೇಸ್ (ಕೋಶಕ್ಕೆ ಶಕ್ತಿ ಕೊಡೋ ಎಟಿಪಿ ತಯಾರಿಸೋ ಪೊರೆಯ ಕಿಣ್ವ) ಬರೀತೀನಿ. ಅದರ ಗುಂಡು ತಲೆ ಯಾವ ಕಡೆಗೆ?

ಶಶಿಕಲಾ: ಒಳಕ್ಕೆ, ಸೈಟೋಪ್ಲಾಸಂ ಕಡೆಗೆ. ಒಂದೇ ಕಡೆ ಬರೀಬೇಡ, ಪೊರೆಯ ಸುತ್ತಲೂ ಅಲ್ಲಲ್ಲಿ ಹಾಕು.