ಪದ ಬೇಕು: ಹೃದಯ, ಮಿದುಳು ಎರಡಕ್ಕೂ ತಗಲುವ ‘ಅಪಾಯಕಾರಿ ಅಂಶ’

ಗೆಳೆಯರೇ,

ಆಸ್ಪತ್ರೆಯೊಂದರ ಹೃದಯ ವಿಭಾಗಕ್ಕೆ ಫಲಕ ಬರೆದುಕೊಡುವ ಕೆಲಸ ಸಿಕ್ಕಿದೆ. ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ನನ್ನ ಕೈಗೆ ಬಂದ ಕರಡಿನ ತಲೆಬರಹ: “ಹೃದಯ ರೋಗ ಮತ್ತು ಪಾರ್ಶ್ವವಾಯು ಹಂಚಿಕೊಂಡ ಜೆನೆಟಿಕ್ ಅಪಾಯಕಾರಿ ಅಂಶಗಳು”. ಓದಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದಂತಾಗುತ್ತದೆ. ‘ಜೆನೆಟಿಕ್’ ಬದಲು ‘ಆನುವಂಶಿಕ’ ಹಾಕಲೇ, ‘ವಂಶವಾಹಿ’ ಹಾಕಲೇ? ‘ಅಪಾಯಕಾರಿ ಅಂಶ’ಕ್ಕಿಂತ ಒಳ್ಳೆಯದು ಇದೆಯೇ? ಎರಡೇ ಸಾಲು, ದಪ್ಪ ಅಕ್ಷರ. ಕೆಳಗಿನ ವಿವರದಲ್ಲಿ ಒಂಬತ್ತನೆಯ ವರ್ಣತಂತುವಿನ 9ಪಿ21 ಎಂಬ ಜಾಗದ ಮಾತು ಬರುತ್ತದೆ.

* * *

ಪಾರ್ಶ್ವವಾಯು ಏಕೆ? ಹಳ್ಳಿಯವರು ಲಕ್ವ ಎನ್ನುತ್ತಾರೆ. ಜೀನಿಗೆ ‘ಪೀಳಿ’ ಇದೆ. ಅಂಶ, ಅಪಾಯ, ಆನುವಂಶಿಕ ಎಲ್ಲವೂ ಸಂಸ್ಕೃತ. ಅಚ್ಚಗನ್ನಡದಲ್ಲಿ ಬರೆಯಿರಿ, ಜನಕ್ಕೆ ತಿಳಿಯುತ್ತದೆ.

* * *

ಲಕ್ವ ಅರಬ್ಬಿ ಪದ. ಅಲ್ಲಿ ಅದು ಮುಖ ಸೊಟ್ಟಗಾಗುವ ಕಾಯಿಲೆಯ ಹೆಸರು. ಅಚ್ಚಗನ್ನಡದ ಪಾಠ ಅರಬ್ಬಿಯಿಂದ ಶುರುವಾಯಿತು, ಸಂತೋಷ.

ಕೇಳಿದವರಿಗೆ: ಕರಡಿನಲ್ಲಿ ಎಲ್ಲಕ್ಕಿಂತ ಕೆಟ್ಟ ಪದ ‘ಹಂಚಿಕೊಂಡ’. ಅದರ ಬಗ್ಗೆ ನೀವು ಕೇಳಲೇ ಇಲ್ಲ. ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡರು ಎಂದರೆ ನಡುವೆ ಬದು ಬಿತ್ತು, ಇವನದು ಇವನಿಗೆ, ಅವನದು ಅವನಿಗೆ. ಇಲ್ಲಿರುವುದು ಬದುವೇ ಇಲ್ಲದ ಒಂದೇ ಗದ್ದೆ. 9ಪಿ21ರಲ್ಲಿರುವ ವ್ಯತ್ಯಾಸಕ್ಕೂ ಹೃದಯದ ರಕ್ತನಾಳದ ಕಾಯಿಲೆಗೂ ನಂಟಿದೆ ಎಂದು 2007ರಲ್ಲಿ ಗೊತ್ತಾಯಿತು. ದೊಡ್ಡ ರಕ್ತನಾಳ ಕಟ್ಟಿಕೊಂಡು ಬರುವ ಸ್ಟ್ರೋಕಿಗೂ ಅದೇ ಜಾಗದ ನಂಟು ಆಮೇಲೆ ಕಂಡಿತು. ಇದನ್ನು ಹೇಳಲು ಕನ್ನಡಕ್ಕೆ ಒಂದು ‘ಊ’ ಸಾಕು: ಹೃದಯಕ್ಕೂ ಮಿದುಳಿಗೂ. ‘ಸಾಮಾನ್ಯ’ ಎಂದು ಮಾತ್ರ ಹಾಕಬೇಡಿ, ಎಲ್ಲರಿಗೂ ಬರುವಂಥದು ಎಂದು ಓದಿಕೊಳ್ಳುತ್ತಾರೆ.

‘ಅಪಾಯಕಾರಿ’ಯೂ ಸಲ್ಲದು. ಅಪಾಯಕಾರಿ ಎಂದರೆ ಹರಿದುಬಿದ್ದ ವಿದ್ಯುತ್ ತಂತಿ. ಆ ವ್ಯತ್ಯಾಸದ ಒಂದು ಪ್ರತಿ ಇದ್ದವರಿಗೆ ಹೃದಯ ಕಾಯಿಲೆಯ ಸಂಭವ ಸುಮಾರು ಕಾಲುಭಾಗದಷ್ಟು ಹೆಚ್ಚು, ಅಷ್ಟೆ. ಅಪ್ಪ, ಅಮ್ಮ ಇಬ್ಬರಿಂದಲೂ ಅದನ್ನು ಪಡೆದು ಗಟ್ಟಿಯಾಗಿರುವವರು ಬೇಕಾದಷ್ಟಿದ್ದಾರೆ. ‘ಕಾರಣ’ ಎಂದೂ ಬರೆಯಬೇಡಿ, ಹೊರರೋಗಿಗಳ ಸಾಲಿನಲ್ಲಿ ಕೂತವರ ಎದೆ ಅಲ್ಲೇ ಹೊಡೆದುಕೊಳ್ಳುತ್ತದೆ. ‘ವಂಶವಾಹಿ’ಯಲ್ಲೂ ಒಂದು ತೊಡಕಿದೆ. ಪ್ರೋಟೀನ್ ತಯಾರಿಸುವ ವಂಶವಾಹಿಗಳು ಆ ಜಾಗದ ಪಕ್ಕದಲ್ಲಿವೆ, ಆ ಜಾಗದಲ್ಲಲ್ಲ. ‘ಆನುವಂಶಿಕ ವ್ಯತ್ಯಾಸ’ ಎಂದರೆ ಸುಳ್ಳಾಗುವುದಿಲ್ಲ.

* * *

ಹೃದಯಾಘಾತದ ಜೋಡಿಗೆ ‘ಮಿದುಳಾಘಾತ’ ಹಾಕಿ. ಪಾರ್ಶ್ವವಾಯು ಎಂಬುದು ಆಮೇಲಿನ ಸ್ಥಿತಿಯ ಹೆಸರು. ಕೈಕಾಲು ಬೀಳದೆ ಮಾತು ಮಾತ್ರ ತೊದಲುವ ಸ್ಟ್ರೋಕೂ ಉಂಟು. ಅಲ್ಲದೆ ‘ವಾಯು’ ಎಂದು ಕಿವಿಗೆ ಬಿದ್ದೊಡನೆ ನಮ್ಮ ಅತ್ತೆ ಶುಂಠಿ ಕಷಾಯಕ್ಕೆ ನೀರಿಡುತ್ತಾರೆ.

* * *

ಮಿದುಳು ಕನ್ನಡ, ಆಘಾತ ಸಂಸ್ಕೃತ. ಅರಿಸಮಾಸ. ಬೇಡ.

* * *

ಮಳೆಗಾಲವೂ ಅರಿಸಮಾಸವೇ. ಕೊಡೆ ಮಡಚಿಟ್ಟು ನೆನೆಯಿರಿ.

* * *

‘ಫ್ಲೆಕ್ಸ್’, ‘ಪ್ರೋಟೀನ್’ ಸಲೀಸಾಗಿ ನುಂಗುವವರಿಗೆ ‘ಪೀಳಿ’ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿನ ಪದಕ್ಕೆ ಹೆಬ್ಬಾಗಿಲು, ಮನೆಯ ಪದಕ್ಕೆ ಚಿಲಕ! ‘ಜೀನ್’ ಕೂಡ ಡೆನ್ಮಾರ್ಕಿನ ಯೊಹಾನ್ಸನ್ 1909ರಲ್ಲಿ ಹೊಸದಾಗಿ ಕಟ್ಟಿದ ಪದವೇ. ಅಂದು ಅದು ಯಾವ ಜನಕ್ಕೆ ತಿಳಿದಿತ್ತು? ಲಕ್ವದ ವಿಷಯ ಒಪ್ಪಿದೆ. ಉಳಿದದ್ದನ್ನು ಒಪ್ಪುವುದಿಲ್ಲ. ಮಹಾಪ್ರಾಣಗಳನ್ನು ಬಿಟ್ಟು ಬರೆಯುವ ಧೈರ್ಯವಾದರೂ ನಿಮಗಿದೆಯೇ?

* * *

ಎಲ್ಲರಿಗೂ ವಂದನೆ. ಅಂಗಡಿಯಿಂದ ಎರಡು ಸಲ ಫೋನ್ ಬಂದದ್ದರಿಂದ ಇಷ್ಟು ಬರೆದು ಕಳುಹಿಸಿದೆ:

“ಹೃದಯಾಘಾತಕ್ಕೂ ಮಿದುಳಾಘಾತಕ್ಕೂ
ಎಡೆಮಾಡಬಹುದಾದ ಆನುವಂಶಿಕ ವ್ಯತ್ಯಾಸಗಳು”

ವೈದ್ಯರು ಮಿದುಳಾಘಾತದ ಮುಂದೆ ಕಂಸದಲ್ಲಿ ‘ಸ್ಟ್ರೋಕ್’ ಸೇರಿಸಿದರು. ಈಗ ಅಚ್ಚಿನ ಮಾದರಿ ಮೊಬೈಲಿಗೆ ಬಂದಿದೆ. ಅಂಗಡಿಯ ಹುಡುಗ ಎರಡು ಕಡೆಯೂ ‘ಆಗಾತ’ ಎಂದು ಹೊಡೆದಿದ್ದಾನೆ. ಅಚ್ಚಗನ್ನಡದವರು ಅವನನ್ನು ಬೆನ್ನುತಟ್ಟಬಹುದು. ನಾನು ತಿದ್ದಿಸಲು ಹೊರಟಿದ್ದೇನೆ.