‘ವೇರ್’ ಅಂದ್ರೆ ಹಾಕ್ಕೊಳ್ಳೋದಾ, ಹಾಕ್ಕೊಂಡಿರೋದಾ?

ಸಂಜೆತರಗತಿ:
ಕನ್ನಡ ಮಾಧ್ಯಮದ ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಟಿಪ್ಪಣಿ ಮಾಡ್ತಾ ಇದ್ದೀನಿ. ‘ವೇರ್’ ಹತ್ರ ಬಂದು ನಿಂತಿದೆ. ಮಕ್ಕಳು ‘ವೇಟ್, ಐ ಆಮ್ ವೇರಿಂಗ್ ಮೈ ಶೂಸ್’ ಅಂತ ಬರೀತಾರೆ. ಅಲ್ಲಿ ‘ಪುಟಿಂಗ್ ಆನ್’ ಬರಬೇಕು ಅನ್ನೋದು ಗೊತ್ತು. ಯಾಕೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳೋಕೆ ಹೋದ್ರೆ ಎರಡಕ್ಕೂ ‘ಹಾಕಿಕೊಳ್ಳು’ ಅನ್ನೋ ಒಂದೇ ಪದ ಬಾಯಿಗೆ ಬರುತ್ತೆ. ಅದರ ಜೊತೆಗೆ ‘ಡ್ರೆಸ್’, ‘ಹ್ಯಾವ್ ಆನ್’, ‘ಡಾನ್’ ಇವೆಲ್ಲ ಸಮಾನಾರ್ಥಕ ಅಂತ ನಿಘಂಟಿನಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಬಹುದಾ?

ಪದಬಳಕೆ:
ವ್ಯತ್ಯಾಸ ಕನ್ನಡದಲ್ಲೇ ಇದೆ, ‘ಹಾಕಿಕೊಳ್ಳು’ ಅಂತ ಮೂಲರೂಪ ಹಿಡಿದುಕೊಂಡರೆ ಕಾಣೋದಿಲ್ಲ. ಮಾತಿನ ರೂಪ ನೋಡಿ:

‘ಶೂ ಹಾಕ್ಕೊತಾ ಇದೀನಿ’: ಪುಟಿಂಗ್ ಆನ್.
‘ಶೂ ಹಾಕ್ಕೊಂಡಿದೀನಿ’: ವೇರಿಂಗ್.

ಹುಡುಗ ಮೆಟ್ಟಿಲ ಮೇಲೆ ಕೂತು, ಒಂದು ಕಾಲು ಶೂ ಒಳಗೆ ತೂರಿಸಿ, ಲೇಸು ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಅದು ‘ಪುಟಿಂಗ್ ಆನ್’. ಗಂಟು ಬಿದ್ದು ಎದ್ದು ನಿಂತ ಮೇಲೆ, ಸಂಜೆ ಬಿಚ್ಚುವ ತನಕ ‘ವೇರಿಂಗ್’. ಮೊದಲನೆಯದು ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ಎರಡನೆಯದು ಮೈಮೇಲೆ ಇರುವ ಸ್ಥಿತಿ.

ಮಕ್ಕಳು ತಪ್ಪುವುದಕ್ಕೆ ಕಾರಣ ನಾವು ಹೇಳಿಕೊಡುವ ಸೂತ್ರವೇ. ‘ಇಂಗ್’ ಬಂದರೆ ‘-ತಾ ಇದ್ದೀನಿ’ ಅಂತ ಕಲಿಸುತ್ತೇವೆ. ‘ಈಟಿಂಗ್’, ‘ರೈಟಿಂಗ್’ ಇವಕ್ಕೆ ಅದು ಸರಿ. ಆದರೆ ‘ಸಿಟಿಂಗ್’ ಅಂದರೆ ಕೂತಿದ್ದಾನೆ, ‘ಸ್ಟ್ಯಾಂಡಿಂಗ್’ ಅಂದರೆ ನಿಂತಿದ್ದಾನೆ, ‘ಹೋಲ್ಡಿಂಗ್’ ಅಂದರೆ ಹಿಡ್ಕೊಂಡಿದ್ದಾನೆ. ‘ವೇರಿಂಗ್’ ಈ ಗುಂಪಿಗೆ ಸೇರಿದ್ದು. ಈ ನಾಲ್ಕನ್ನೂ ಒಟ್ಟಿಗೆ ಬೋರ್ಡಿನ ಮೇಲೆ ಬರೆದು ತೋರಿಸಿ. ಬೇರೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

ಅನುಮಾನ ಬಂದಾಗ ವಾಕ್ಯಕ್ಕೆ ‘ಬೆಳಿಗ್ಗೆಯಿಂದ’ ಸೇರಿಸಿ ನೋಡಿ. ‘ಬೆಳಿಗ್ಗೆಯಿಂದ ಅದೇ ಸ್ವೆಟರು’ ಅನ್ನೋದು ಹೊಂದಿದರೆ ‘ವೇರ್’. ‘ಎರಡು ನಿಮಿಷದಲ್ಲಿ’ ಹೊಂದಿದರೆ ‘ಪುಟ್ ಆನ್’.

ಅಭ್ಯಾಸಕ್ಕೆ ‘ಇಂಗ್’ ಬೇಡ. ‘ಹಿ ವೇರ್ಸ್ ಗ್ಲಾಸಸ್’ ಅಂದರೆ ಅವನಿಗೆ ಕನ್ನಡಕ ಇದೆ, ಈ ಕ್ಷಣ ಅದು ಮೇಜಿನ ಮೇಲೂ ಇರಬಹುದು. ‘ಹಿ ಈಸ್ ವೇರಿಂಗ್ ಗ್ಲಾಸಸ್’ ಅಂದರೆ ಈಗ ಮೂಗಿನ ಮೇಲಿದೆ.

ಆಜ್ಞಾರ್ಥದಲ್ಲಿ ಎರಡೂ ಬರುತ್ತವೆ, ಅರ್ಥ ಬೇರೆ. ಬೈಕ್ ಓಡಿಸುವಷ್ಟು ಹೊತ್ತೂ ತಲೆ ಮೇಲಿರಲಿ ಅನ್ನುವ ನಿಯಮಕ್ಕೆ ‘ವೇರ್ ಎ ಹೆಲ್ಮೆಟ್’. ಬೈಕ್ ಸ್ಟಾರ್ಟ್ ಮಾಡಿದವನ ಕೈಗೆ ಹೆಲ್ಮೆಟ್ ಕೊಟ್ಟು ಹೇಳುವಾಗ ‘ಪುಟ್ ಯುವರ್ ಹೆಲ್ಮೆಟ್ ಆನ್’.

ಕರಡುತಿದ್ದು:
ಮೇಲಿನ ಉತ್ತರ ಸರಿಯಾಗಿದೆ. ಸಮಾನಾರ್ಥಕಗಳ ವಿಚಾರಕ್ಕೆ ಬರ್ತೀನಿ. ಒಂದರ ಜಾಗದಲ್ಲಿ ಇನ್ನೊಂದನ್ನು ಕಣ್ಣು ಮುಚ್ಚಿ ಹಾಕೋಕೆ ಆಗಲ್ಲ.

‘ಪುಟ್ ಆನ್’ ಬಿಡಿಸಿ ಇಡಬಹುದಾದ ಜೋಡಿ. ‘ಪುಟ್ ಆನ್ ಯುವರ್ ಕೋಟ್’, ‘ಪುಟ್ ಯುವರ್ ಕೋಟ್ ಆನ್’ ಎರಡೂ ಸರಿ. ಕೋಟಿನ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’. ‘ಪುಟ್ ಆನ್ ಇಟ್’ ತಪ್ಪು. ಪರೀಕ್ಷೆ ಪತ್ರಿಕೆಗಳಲ್ಲಿ ಅಂಕ ಹೋಗೋದು ಇಲ್ಲೇ.

‘ಹ್ಯಾವ್ ಆನ್’ ಅಂದ್ರೆ ‘ವೇರಿಂಗ್’ ಅಂತಲೇ ಅರ್ಥ, ಆಡುಮಾತಿನದು. ಇದಕ್ಕೆ ‘ಇಂಗ್’ ಸೇರಿಸಬಾರದು. ‘ಶಿ ಹ್ಯಾಡ್ ಎ ರೆಡ್ ಸ್ಯಾರಿ ಆನ್’ ಸರಿ, ‘ಶಿ ವಾಸ್ ಹ್ಯಾವಿಂಗ್ ಎ ರೆಡ್ ಸ್ಯಾರಿ ಆನ್’ ತಪ್ಪು. ಇನ್ನೂ ಚಿಕ್ಕದಾಗಿ ‘ಶಿ ವಾಸ್ ಇನ್ ಎ ರೆಡ್ ಸ್ಯಾರಿ’ ಅನ್ನಬಹುದು. ನನಗಂತೂ ಇದೇ ಅಚ್ಚುಕಟ್ಟು ಅನ್ನಿಸುತ್ತೆ.

‘ಡ್ರೆಸ್’ ಕ್ರಿಯಾಪದವಾದಾಗ ಮುಂದೆ ಬಟ್ಟೆಯ ಹೆಸರು ನೇರವಾಗಿ ಬರಲ್ಲ. ‘ಬಟ್ಟೆ ಹಾಕ್ಕೊಂಡು ಬಾ’ ಅನ್ನೋದಕ್ಕೆ ‘ವೇರ್ ಡ್ರೆಸ್ ಅಂಡ್ ಕಮ್’ ಅಂತ ಬರೀತಾರೆ. ‘ಗೆಟ್ ಡ್ರೆಸ್ಡ್’ ಅಂದ್ರೆ ಸಾಕು. ನಾಮಪದವಾದಾಗ ‘ಎ ಡ್ರೆಸ್’ ಅಂದ್ರೆ ಇಂಗ್ಲಿಷಿನವರಿಗೆ ಹೆಂಗಸರ ಫ್ರಾಕಿನಂಥ ಉಡುಪು ಮಾತ್ರ. ಪ್ಯಾಂಟು ಶರಟಿನ ಗಂಡಸಿಗೆ ‘ನೈಸ್ ಡ್ರೆಸ್’ ಅನ್ನೋದು ನಮ್ಮಲ್ಲಿ ನಡೆಯುತ್ತೆ, ಹೊರದೇಶದಲ್ಲಿ ನಡೆಯಲ್ಲ. ‘ನೈಸ್ ಶರ್ಟ್’ ಅಂತ ವಸ್ತುವಿನ ಹೆಸರು ಹೇಳಿಬಿಡಿ.

ಅಂಗಡಿಯಲ್ಲಿ ಅಳತೆ ನೋಡೋದಕ್ಕೆ ‘ಟ್ರೈ ಆನ್’. ‘ಡಾನ್’ ಅನ್ನೋದು ‘ಡು ಆನ್’ ಕೂಡಿ ಆದದ್ದು, ಅದರ ಎದುರು ‘ಡಾಫ್’ ಅಂದ್ರೆ ‘ಡು ಆಫ್’. ಎರಡೂ ಕಥೆ, ವರದಿಗಳ ಮಾತು. ಮನೆಯಲ್ಲಿ ಯಾರೂ ‘ಡಾನ್ ಯುವರ್ ಸ್ವೆಟರ್’ ಅನ್ನಲ್ಲ.

ವಿರುದ್ಧಪದ ‘ಟೇಕ್ ಆಫ್’. ‘ರಿಮೂವ್ ಯುವರ್ ಶೂಸ್’ ಬೋರ್ಡಿಗೆ ಸರಿ, ಮಾತಿಗೆ ಗಟ್ಟಿಯಾಯ್ತು. ಕಾಂಟ್ಯಾಕ್ಟ್ ಲೆನ್ಸ್ ಮಾತ್ರ ಬೇರೆ: ಇಟ್ಟುಕೊಂಡಿರೋದಕ್ಕೆ ‘ವೇರ್’, ಇಟ್ಟುಕೊಳ್ಳೋದಕ್ಕೆ ‘ಪುಟ್ ಇನ್’, ತೆಗೆಯೋದಕ್ಕೆ ‘ಟೇಕ್ ಔಟ್’.

ಉಡುಗೆತೊಡುಗೆ:
ಕನ್ನಡದ ಕಡೆಯಿಂದಲೂ ಒಂದು ಮಾತು ಸೇರಿಸಬೇಕು. ಇಂಗ್ಲಿಷಿನಲ್ಲಿ ‘ವೇರ್’ ಒಂದೇ. ನಮ್ಮಲ್ಲಿ ವಸ್ತು ಯಾವುದು, ಮೈಯ ಯಾವ ಭಾಗಕ್ಕೆ, ಹೇಗೆ ಅನ್ನುವುದರ ಮೇಲೆ ಪದ ಬದಲಾಗುತ್ತದೆ.

ಸೊಂಟಕ್ಕೆ ಸುತ್ತುವ ಹೊಲಿಗೆಯಿಲ್ಲದ ಬಟ್ಟೆಗೆ ‘ಉಡು’: ಸೀರೆ ಉಟ್ಟಳು, ಪಂಚೆ ಉಟ್ಟ. ತೋಳು ತೂರಿಸುವ ಅಂಗಿಗೆ, ಕೈ ತೂರಿಸುವ ಬಳೆಗೆ ‘ತೊಡು’. ಹೆಗಲ ಮೇಲೆ ಹರಡುವ ಶಾಲು, ಕಂಬಳಿಗೆ ‘ಹೊದೆ’. ಹೂವು ಮುಡಿಯುತ್ತಾರೆ, ಕುಂಕುಮ ಇಡುತ್ತಾರೆ, ಪೇಟ ಕಟ್ಟುತ್ತಾರೆ ಇಲ್ಲವೇ ಸುತ್ತುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ‘ಉಡುಗೆ ತೊಡುಗೆ’ ಎಂಬ ಜೋಡಿಪದ ಹುಟ್ಟಿದ್ದೇ ಉಡುವುದು ಬೇರೆ, ತೊಡುವುದು ಬೇರೆ ಎಂಬುದರಿಂದ. ಈಚೆಗೆ ಆಡುಮಾತಿನಲ್ಲಿ ‘ಹಾಕು’ ಹಲವು ಕಡೆ ನುಗ್ಗಿದೆ. ‘ಧರಿಸು’ ಬೋರ್ಡಿನ, ಬರವಣಿಗೆಯ ಪದ. ಟಿಪ್ಪಣಿಯಲ್ಲಿ ‘ವೇರ್ = ಧರಿಸು’ ಎಂದಷ್ಟೇ ಬರೆದರೆ ಮಗುವಿಗೆ ತನ್ನ ಮನೆಯಲ್ಲಿ ಕೇಳುವ ಪದ ಸಿಗುವುದಿಲ್ಲ. ದಯವಿಟ್ಟು ಇವೆಲ್ಲವನ್ನೂ ಬರೆಯಿರಿ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಎಡವುವ ಜಾಗಗಳು: ಹೂ ಮುಡಿದಿದ್ದಾಳೆ ಎನ್ನಲು ‘ಶಿ ಈಸ್ ವೇರಿಂಗ್ ಫ್ಲವರ್ಸ್ ಇನ್ ಹರ್ ಹೇರ್’ ಎಂದು ಕೂದಲನ್ನೂ ಹೇಳಬೇಕು, ‘ಮುಡಿ’ಯಲ್ಲಿ ಅದು ತಾನಾಗಿಯೇ ಇದೆ. ಸೀರೆ ಉಟ್ಟಿರುವುದಕ್ಕೆ ‘ವೇರ್’ ಸಾಕು, ನೆರಿಗೆ ಹಿಡಿದು ಸೆರಗು ಹೊದೆಯುವ ಕೆಲಸಕ್ಕೆ ‘ಡ್ರೇಪ್’. ಸೆಂಟು, ಲಿಪ್‌ಸ್ಟಿಕ್ ನಾವು ಹಚ್ಚಿಕೊಂಡರೂ ಇಂಗ್ಲಿಷಿನಲ್ಲಿ ‘ವೇರ್’ ಬರುತ್ತದೆ. ಕೊಡೆಗೆ ಮಾತ್ರ ಬರುವುದಿಲ್ಲ, ಅದು ‘ಕ್ಯಾರಿ’. ಮಲಗುವಾಗ ಹೊದೆಯುವ ಕಂಬಳಿಗೂ ಬರುವುದಿಲ್ಲ.

ಸಂಜೆತರಗತಿ:
‘ಸಿಟಿಂಗ್, ಸ್ಟ್ಯಾಂಡಿಂಗ್’ ಗುಂಪು ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಯೋಗ ಆಯ್ತು. ಇನ್ನೊಂದು: ಮಕ್ಕಳು ಭೂತಕಾಲಕ್ಕೆ ‘ವೇರ್ಡ್’ ಅಂತ ಬರೀತಾರೆ. ‘ವೇರ್ ಔಟ್’ಗೂ ಬಟ್ಟೆಗೂ ಸಂಬಂಧ ಇದೆಯಾ?

ಕರಡುತಿದ್ದು:
ವೇರ್, ವೋರ್, ವೋರ್ನ್. ಒಂಟಿಯಾಗಿ ಬಾಯಿಪಾಠ ಮಾಡಿಸಬೇಡಿ. ಟೇರ್–ಟೋರ್–ಟೋರ್ನ್, ಸ್ವೇರ್–ಸ್ವೋರ್–ಸ್ವೋರ್ನ್ ಜೊತೆ ಹೇಳಿಸಿ, ಪ್ರಾಸ ಹಿಡಿದುಕೊಳ್ಳುತ್ತೆ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೂ ‘ಡ್’ ಥರದ ಭೂತರೂಪವೇ ಇತ್ತು. ಆಮೇಲೆ ಈ ಪ್ರಾಸದ ಗುಂಪಿನ ಸಹವಾಸದಿಂದ ‘ವೋರ್’ ಆಯ್ತು.

ಸಂಬಂಧ ಖಂಡಿತ ಇದೆ. ತೊಟ್ಟು ತೊಟ್ಟು ಬಟ್ಟೆ ಸವೆಯುತ್ತೆ, ಆ ಸವೆತವೇ ‘ವೇರ್’ನ ಎರಡನೇ ಅರ್ಥ. ಚಪ್ಪಲಿಯ ಹಿಮ್ಮಡಿ ಸವೆದರೂ, ಟೈರಿನ ಗೆರೆ ಅಳಿದರೂ ‘ವೋರ್ನ್ ಔಟ್’. ‘ಐ ಆಮ್ ವೋರ್ನ್ ಔಟ್’ ಅಂದ್ರೆ ಸುಸ್ತಾಗಿ ಹೋಗಿದ್ದೀನಿ ಅಂತ. ‘ಟೇರ್’ ಜೊತೆ ಬೆರೆಸಬೇಡಿ: ಪ್ಯಾಂಟಿನ ಮಂಡಿ ಹತ್ತಿರ ನೂಲು ತೆಳ್ಳಗಾಗಿ ಒಳಗಿನ ಚರ್ಮ ಕಾಣಿಸ್ತಾ ಇದ್ರೆ ‘ವೋರ್ನ್’, ಮೊಳೆಗೆ ಸಿಕ್ಕಿ ಪರ್ ಅಂತ ಹರಿದಿದ್ರೆ ‘ಟೋರ್ನ್’. ‘ವೇರ್ ಆಫ್’ ಇನ್ನೊಂದು. ಹಲ್ಲು ಕೀಳಿಸಿದ ಮೇಲೆ ಮರಗಟ್ಟಿದ ತುಟಿಗೆ ನಿಧಾನಕ್ಕೆ ಸ್ಪರ್ಶ ವಾಪಸ್ ಬರುತ್ತಲ್ಲ, ಆಗ ಇಂಜೆಕ್ಷನ್ ‘ಈಸ್ ವೇರಿಂಗ್ ಆಫ್’. ಇಲ್ಲಿ ಮಾತ್ರ ‘ಇಂಗ್’ಗೆ ‘ಇಳೀತಾ ಇದೆ’ ಅಂತಲೇ ಅರ್ಥ.